ತಿರುಪಿನ ಕೆಳಗಿನ ಕೆಂಪು

ಸುರಪುರ ಠಾಣೆಯ ಮೇಜಿನ ಮೇಲೆ ಬಂದೂಕು ಬಿಚ್ಚಿಬಿದ್ದಿತ್ತು. ಹುಣಸಗಿ ದಾರಿಯಲ್ಲಿ ದರೋಡೆಕೋರರು ಎದುರಾದಾಗ ಪೊಲೀಸ್ ಜವಾನ ಭಾಗಣ್ಣ ಒಂದೇ ಗುಂಡು ಹಾರಿಸಿದ್ದ. ಬೋಲ್ಟಿನ ತಿರುಪು ಕಳಚಿ, ಗುಂಡಿನ ಖಾಲಿ ತೋಟಾ ಒಳಗೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಅವನ ಭುಜಕ್ಕೆ ಕೊಡಲಿ ಬಿದ್ದಿತ್ತು.

ನಿಜಾಮರ ಆಳ್ವಿಕೆ ಮುಗಿದು ವರ್ಷವಾದರೂ ಊರಿನ ಹಗೆ ಆರಿರಲಿಲ್ಲ. ಆ ಬಂದೂಕು ದುರಸ್ತಿ ಮಾಡಿದ್ದ ಉಸ್ಮಾನಸಾಬ ಬೇಡಿ ತೊಟ್ಟು ನೆಲದ ಮೇಲೆ ಕೂತಿದ್ದ. ಸಂಜೆಗೆ ಅವನಿಗೆ ಗುಲಬರ್ಗಾ ಜೈಲು.

“ರಜಾಕಾರರ ಬಂದೂಕ ರಿಪೇರಿ ಮಾಡಿದ ಕೈ ಇದು! ಬೇಕಂತನ ಸಡ್ಲ ಬಿಟ್ಟಾನ,” ಠಾಣೆಯ ಜಮಾದಾರ ಮಾನಪ್ಪ ತನಿಖಾಧಿಕಾರಿಯ ಮುಂದೆ ಗುಡುಗಿದ. “ತಿರುಪಿನ ತೂತಿನೊಳಗ ತುಕ್ಕು ನೋಡ್ರಿ, ಸಾಹೇಬ್ರ!”

“ನಾ ರಿಪೇರಿ ಮಾಡೀನಿ. ನೀವು ಇದ ಬಾಗಿಲದಾಗ ನಿಂತು ಅವರಿಗೆ ಸಲಾಂ ಹೊಡದೀರಿ,” ಉಸ್ಮಾನಸಾಬ ಅಂದ.

“ಬಾಯಿ ಮುಚ್ಚಲೇ!”

ಗಾಯಾಳು ಭಾಗಣ್ಣನ ಹೆಂಡತಿ ಭೀಮವ್ವ ಬಾಗಿಲಲ್ಲಿದ್ದಳು. ಒಳಬಂದು ಉಸ್ಮಾನಸಾಬನ ಮುಂದೆ ತಂಬಿಗೆ ಇಟ್ಟಳು.

“ಅವಗ್ಯಾಕ ನೀರು?” ಜಮಾದಾರ ರೇಗಿದ.

“ತಪ್ಪು ಅವಂದ ಆದ್ರ ಮೊದಲ ಕಲ್ಲು ನಾನ ಹೊಡೀತೀನಿ. ಈಗ ಕುಡೀಲಿ.”

ತನಿಖೆಗೆಂದು ಯಾದಗಿರಿಯಿಂದ ಬಂದಿದ್ದ ಅಮೀನ ಬಸವಂತ್ರಾಯ ತೂತನ್ನೇ ನೋಡುತ್ತಿದ್ದ.

“ತಿರುಪು ಹೆಂಗ ಕೂಡಿಸಿದ್ದಿ, ಸಾಬ?”

“ಬಿಗಿ ಮಾಡಿ, ಅಂಚಿನ ಕಬ್ಬಿಣಕ್ಕ ಉಳಿಯಿಂದ ಏಟು ಹಾಕೀನ್ರಿ. ಕಬ್ಬಿಣ ತಿರುಪಿನ ತಲಿ ಸೀಳಿನೊಳಗ ಇಳೀತದ. ಆಮ್ಯಾಲ ಎಷ್ಟು ಗುಂಡು ಹಾರಿದ್ರೂ ತಿರುಗಂಗಿಲ್ಲ.”

“ಸುಳ್ಳು! ಏಟಿನ ಗುರುತ ಎಲ್ಲದ?” ಜಮಾದಾರ ಅಡ್ಡಬಂದ.

“ಹೌದು, ಗುರುತು ಇಲ್ಲ,” ಅಮೀನ ಅಂದ. “ದುರಸ್ತಿ ಯಾವಾಗ ಆಯ್ತು, ಜಮಾದಾರ?”

“ಶ್ರಾವಣದಾಗ್ರಿ.”

“ಆಮ್ಯಾಲ ಇವ ಮುಟ್ಯಾನೇನು?”

“ಇಲ್ರಿ. ಬಂದೂಕಿನ ಕೋಣಿ ಕೀಲಿ ನನ್ನ ಕಡೇನ ಇತ್ತು.”

“ಮಾರ್ನವಮಿಗೆ ಆಯುಧಕ್ಕ ಖಂಡೆ ಪೂಜಾ ಮಾಡಿದವರು ಯಾರು?”

“ನಾನ... ಯಾಕ್ರಿ?”

ಅಮೀನ ಬಿಳಿ ಕರವಸ್ತ್ರದ ತುದಿಯನ್ನು ತೂತಿನೊಳಗೆ ತಿರುವಿ ಹೊರತೆಗೆದ. ತುಕ್ಕಿನ ಕಂದು ಬಣ್ಣವಲ್ಲ — ಹಣೆಗಿಡುವ ಕೆಂಪು!

“ಕುಂಕುಮ! ಅದೂ ತಿರುಪಿನ ಕೆಳಗ. ಅಂದ್ರ ಪೂಜಾದಾಗ ತಿರುಪು ಬಿಚ್ಚೇದ. ಏಟು ಹಾಕಿದ್ದನ್ನ ಅರದಿಂದ ಉಜ್ಜದ ಬಿಚ್ಚಾಕ ಬರಂಗಿಲ್ಲ. ಯಾಕ ಉಜ್ಜಿದಿ, ಮಾನಪ್ಪ?”

ಜಮಾದಾರ ಒಂದು ಹೆಜ್ಜೆ ಹಿಂದೆ ಸರಿದ.

“ಗಾಯ ಆದ ಆಯುಧ ಪೂಜಾಕ್ಕ ಇಡಬಾರದಂತ್ರಿ... ಗುರುತು ಉಜ್ಜಿ, ಎಲ್ಲಾ ಬಿಚ್ಚಿ ತೊಳದು, ಕುಂಕುಮ ಹಚ್ಚಿ, ಮತ್ತ ಬರೇ ಬಿಗಿ ಮಾಡೀನ್ರಿ.”

“ಅದು ಭಕ್ತಿ. ತಿರುಪು ಬಿದ್ದಾಗ ನಿನ್ನ ತಪ್ಪು ನಿನಗ ಗೊತ್ತಾತು. ಗೊತ್ತಾದ ಮ್ಯಾಲೆ ಇವಗ ಬೇಡಿ ಹಾಕಿದಿಯಲ್ಲ, ಅದು? ತಪ್ಪಿತಸ್ಥ ನೀನು.”

ಭೀಮವ್ವ ಜಮಾದಾರನನ್ನು ನೆಟ್ಟನೋಟದಿಂದ ನೋಡಿದಳು. “ದಿನಾ ನಮ್ಮ ಮನಿಗೆ ಬಂದು ಈ ಸಾಬನ್ನ ಬೈದು ಹೋಗತಿದ್ದಿ, ಯಣ್ಣಾ.”

ಮಾನಪ್ಪ ತಲೆ ಎತ್ತದೆ ಬೇಡಿ ಬಿಚ್ಚಿದ. ಉಸ್ಮಾನಸಾಬ ಮಣಿಕಟ್ಟು ಉಜ್ಜಿಕೊಳ್ಳುತ್ತ ಅಮೀನನತ್ತ ತಿರುಗಿದ.

“ಪೂಜಾಕ್ಕ ಬರೇ ಇದೊಂದ ಬಂದೂಕ ಇಟ್ಟಿದ್ರೇನ್ರಿ?”

“ಎಲ್ಲಾ ಇಟ್ಟಿದ್ದೆ... ಎಲ್ಲಾ ಉಜ್ಜೀನಿ,” ಮಾನಪ್ಪ ಗೊಣಗಿದ. ಹೊರಗೆ ಜವಾನರು ಉಳಿದ ಬಂದೂಕು ಹೆಗಲಿಗೇರಿಸಿ ಶಹಾಪುರದ ಗಸ್ತಿಗೆ ಹೊರಟಿದ್ದರು. ಅಮೀನ ಬಾಗಿಲಿಗೆ ಓಡಿ ಅವರನ್ನು ಕೂಗಿ ನಿಲ್ಲಿಸಿದ.

ಭೀಮವ್ವ ತಂಬಿಗೆಯನ್ನು ಇನ್ನೂ ಹತ್ತಿರ ಸರಿಸಿದಳು. “ಮೊದಲು ನೀರು ಕುಡಿ, ಕಾಕಾ. ಆಮ್ಯಾಲ ತಿರುಪಿಗೆ ಏಟು ಹಾಕು.”