ಸೇರಿನೊಳಗಿನ ಗೆರೆಗಳು

ತಿಥಿಗೆ ಬಂದವರೆಲ್ಲ ರಾಯಕೋಟೆ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಹಾಲಿನವಳು ಎಂದಿನಂತೆ ಬಂದಳು. ನಾನೂ ಎಂದಿನಂತೆ ಸೀಮೆಎಣ್ಣೆ ಸ್ಟೋವ್ ಹಚ್ಚಿದೆ. ಹಿತ್ತಾಳೆ ಸೇರಿಗೆ ಅಕ್ಕಿಯ ಗೆರೆಯವರೆಗೆ ಅಕ್ಕಿ ಸುರಿದೆ. ಕಾಲು ಕಿಲೋ, ಇಬ್ಬರಿಗೆ ಆಗುವಷ್ಟು. ಅರ್ಧ ತೆಗೆದು ಡಬ್ಬಕ್ಕೆ ಹಾಕಿದೆ. ಅಳು ಬರಲಿಲ್ಲ.

ಆ ಗೆರೆಗಳನ್ನು ಗೀರಿದವನು ನನ್ನ ಗಂಡ ರಾಮಾಂಜಿ.

ಮೈಸೂರಿನಲ್ಲಿ ರಿಜಿಸ್ಟರ್ ಮದುವೆಯಾಗಿ ಹೊಸೂರಿಗೆ ಬಂದ ಸಂಜೆ, ಹೊಸಿಲಲ್ಲಿ ಸೇರಕ್ಕಿ ಇಡುವವರು ಯಾರೂ ಇರಲಿಲ್ಲ. ಅವನ ತಾಯಿ ತೀರಿಕೊಂಡಿದ್ದರು, ಉಳಿದವರು ಮುನಿಸಿಕೊಂಡಿದ್ದರು. ಅವನೇ ಎಲ್ಲಿಂದಲೋ ಸೇರು ತಂದು ತುಂಬಿಟ್ಟು, ಒಳಗೆ ಹೋಗಿ ನಿಂತ.

"ಬಲಗಾಲಲ್ಲಿ ಒದ್ದು ಒಳೀಕ್ ಬಾ."

"ಇದು ಎಷ್ಟು ಗ್ರಾಂ?"

"ಅಯ್ಯೋ ಎಂಎಸ್ಸಿ ಅಮ್ನೋರೆ, ಸೇರಂದ್ರೆ ಸೇರು! ಬಾರಮ್ಮ ತಾಯಿ."

ಅಕ್ಕಿ ಅವನ ಪಾದದ ಮೇಲೆ ಚೆಲ್ಲಿತು. ಅವನು ಕೆಳಗೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

ನನ್ನ ಅಡುಗೆ ಪುಸ್ತಕದಲ್ಲಿ ಎಲ್ಲವೂ ಗ್ರಾಂ. ಮನೆಯಲ್ಲಿದ್ದದ್ದು ಸೇರು ಮಾತ್ರ. ಸಕ್ಕರೆ ಎಷ್ಟು ಎತ್ತರಕ್ಕೋ ಕಡಲೆಹಿಟ್ಟೂ ಅಷ್ಟೇ ಎಂದು ಅಳೆದು ಮೈಸೂರು ಪಾಕ್ ಮಾಡಿದೆ. ಹಿಟ್ಟು ಹಗುರ, ತೂಕಕ್ಕೆ ಸಾಲಲಿಲ್ಲ. ಪಾಕ ಕಲ್ಲಾಯಿತು. ಅವನು ಒಂದು ತುಂಡು ಬಾಯಿಗಿಟ್ಟು ಫ್ಯಾಕ್ಟರಿಗೆ ಹೋದ. ಸಂಜೆ ಬಂದಾಗಲೂ ಕೆನ್ನೆ ಉಬ್ಬಿತ್ತು.

"ಇನ್ನೂ ಕರಗಿಲ್ಲ ಕಣೇ."

ಜೇಬಿನಲ್ಲಿಟ್ಟುಕೊಂಡಿದ್ದ ಇನ್ನೊಂದು ತುಂಡನ್ನು ಬಾಗಿಲಲ್ಲಿ ಬಾಯಿಗೆ ಹಾಕಿಕೊಂಡಿದ್ದ.

ಆ ಭಾನುವಾರ ಅಂಗಡಿಯಿಂದ ತಕ್ಕಡಿ ತಂದ. ನಾನು ತೂಗಿ ಸುರಿದೆ, ಅವನು ಮೊಳೆಯಿಂದ ಗೀರಿದ. ಒಂದೇ ತೂಕ, ಆದರೆ ಗೆರೆ ಸಕ್ಕರೆಗೆ ಕೆಳಗೆ, ಹಿಟ್ಟಿಗೆ ಎಷ್ಟೋ ಮೇಲೆ. ಹಿಟ್ಟು ಕೂರಲೆಂದು ನಾನು ಸೇರನ್ನು ತಟ್ಟಿದಾಗ ಕೈ ಹಿಡಿದ.

"ತಟ್ಬ್ಯಾಡ. ಅದ್ರ ಪಾಡಿಗೆ ಎಷ್ಟ್ ನಿಲ್ತದೋ ಅಷ್ಟೇ."

ಹಿಡಿದ ಕೈ ಬಿಡಲಿಲ್ಲ.

ಒಂದು ವರ್ಷ ತುಂಬುವುದರೊಳಗೆ ಕಾಮಾಲೆಯಲ್ಲಿ ಹೋದ.

ತಿಥಿ ಮುಗಿದ ಆ ಬೆಳಿಗ್ಗೆ, ಒಬ್ಬಳಿಗೆ ಅಳೆದ ಅನ್ನ ಬೇಯುತ್ತಿದ್ದಾಗ ಪಕ್ಕದ ಮನೆಯ ಭದ್ರಮ್ಮ ಬಾಗಿಲಿಗೆ ಬಂದರು.

"ಕೇಳಾಕೆ ಬಾಯೇ ಬರಾಕಿಲ್ಲ ಕಣಮ್ಮ. ನಾಳೀಕ್ ಸೊಸೆ ಮನೆ ತುಂಬ್ತಾಳೆ. ಆ ಸೇರು ನಮ್ದು. ನೀನ್ ಬಂದ್ ದಿನ ನಿನ್ ಗಂಡ ಇಸ್ಕೊಂಡ್ ಹೋಗಿದ್ದ."

ನನಗೆ ತಿಳಿದಿರಲಿಲ್ಲ. ತಿರುಗಿಸಿ ನೋಡಿದೆ. ತಳದಲ್ಲಿ ಅವರ ಅತ್ತೆಯ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು. ಇದನ್ನು ಕೊಟ್ಟರೆ ಅವನ ಕೈಗೆಲಸವೆಂದು ಮನೆಯಲ್ಲಿ ಏನೂ ಉಳಿಯುವುದಿಲ್ಲ.

"ಹೊಸದು ಕೊಡಿಸ್ತೀನಿ ಭದ್ರಮ್ಮ. ಇದರ ತುಂಬ ಗೀರುಗಳಾಗಿವೆ."

"ನೀನ್ ಗೀರಿದ್ದಾ?"

"ಅವರು. ನನಗೆ ಅಳತೆ ಗೊತ್ತಾಗ್ತಿರಲಿಲ್ಲ."

ಭದ್ರಮ್ಮ ಒಳಗೆ ಬೆರಳಾಡಿಸಿದರು. "ಬೀದಿಯವ್ರೂ ಹೊಸ್ದೇ ತಗಾ ಅಂತಾವ್ರೆ, ಸಾವಾದ್ ಮನೇದ್ ಯಾಕೆ ಅಂತ. ಅವತ್ತು ನಾನ್ ಕಿಟಕೀಲಿ ನಿಂತಿದ್ದೆ ಕಣವ್ವ. ನೀನ್ ಹೊಸ್ಲು ದಾಟ್ದಾಗ ಅವ್ನು ನಿನ್ನ ನೋಡ್ದ ನೋಟ ಕಂಡೆ. ನನ್ ಮಗಾನೂ ಅಂಗೇ ನೋಡ್ಲಿ ಅಂತ ಆಸೆ. ಅದ್ಕೇ ಇದೇ ಬೇಕು."

ಬರಿದಾಗಿ ಹಿಂದಿರುಗಿಸಬಾರದೆಂದು ಸೇರಿಗೆ ಅಕ್ಕಿ ಸುರಿದೆ. ಗೆರೆಗಳು ಒಂದೊಂದಾಗಿ ಮುಚ್ಚಿದವು.

"ತಗೊಳ್ಳಿ," ಎಂದೆ.

ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು. ಬೇಲಿ ದಾಟಿದ ಮೇಲೂ ನನ್ನ ಅಂಗೈಗಳು ಸೇರಿನಷ್ಟೇ ಅಗಲಕ್ಕೆ ತೆರೆದುಕೊಂಡಿದ್ದವು.