ಅಳಿಸಿಹೋದ ಹದಿನಾಲ್ಕು ಪುಟ

ಮಂಗಳವಾರ ಬೆಳಿಗ್ಗೆ 10.15ಕ್ಕೆ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಯ ಸಂಪಾದಕಿ ಠಾಣೆಗೆ ಬಂದು ದೂರು ಕೊಟ್ಟರು. ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸಿದ ಎಂಟೇ ದಿನಕ್ಕೆ ಒಂದು ಲೇಖನವನ್ನು ಯಾರೋ ಅಳಿಸಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

"ಯಾರ ಲೇಖನ?"

"ನಮ್ಮಪ್ಪಂದು. ಮೂವತ್ತು ವರ್ಷದ ಹಿಂದಿಂದು. ಅದನ್ನ ಓದೇ ನಾನು ಈ ದಾರಿ ಹಿಡಿದಿದ್ದು. ಯಾರೋ ಹೊಟ್ಟೆಕಿಚ್ಚಿಗೆ ಮಾಡಿದಾರೆ."

"ಈಗಲೇ ಯಾಕೆ?"

"ಬರೋ ಸೋಮವಾರದಿಂದ ಎಲ್ಲ ಲೇಖನಗಳನ್ನೂ ವಿದ್ಯಾರ್ಥಿಗಳ ಹಳೇ ಪ್ರಬಂಧಗಳ ಜೊತೆ ಹೋಲಿಸಿ, ನಕಲು ಹಿಡಿಯೋ ತಂತ್ರಾಂಶ ಹಾಕ್ತಿದೀವಿ."

ಅಳಿಸಿದ್ದು ಭಾನುವಾರ ಮಧ್ಯಾಹ್ನ 2.40ಕ್ಕೆ, ಸಂಪಾದಕಿಯದೇ ಪಾಸ್‌ವರ್ಡಿನಿಂದ, ಅವರ ಮನೆಯ ಕಂಪ್ಯೂಟರಿನಿಂದ. ಆ ಹೊತ್ತಿಗೆ ಅವರು ಊರಲ್ಲೇ ಇರಲಿಲ್ಲ.

ಅಚ್ಚಾದ ಪ್ರತಿ ನೋಡಲು ಇನ್‌ಸ್ಪೆಕ್ಟರ್ ಗ್ರಂಥಾಲಯಕ್ಕೆ ಹೋದರು. ಬೀಗ ಹಾಕಿದ ಕಪಾಟಿನ ಸಂಪುಟದಲ್ಲಿ ಹದಿನಾಲ್ಕು ಪುಟ ಬ್ಲೇಡಿಗೆ ಬಲಿಯಾಗಿದ್ದವು. ಪಂಚನಾಮೆ ಮುಗಿದ ಮೇಲೆ ಗ್ರಂಥಪಾಲಕಿ ರಿಜಿಸ್ಟರ್ ತೆರೆದರು. ಆ ಸಂಪುಟವನ್ನು ಕೊನೆಗೆ ಪಡೆದವರ ಸಹಿ, ಸಮಯ, ಎಲ್ಲ ಮುತ್ತು ಪೋಣಿಸಿದ ಅಕ್ಷರದಲ್ಲಿತ್ತು.

"ಸಹಿ ಹಾಕಿ ಕದಿಯೋ ಕಳ್ಳ ಇದಾನಾ ಸಾರ್?" ಎಂದ ಹೆಡ್ ಕಾನ್‌ಸ್ಟೆಬಲ್.

"ನಲವತ್ತು ವರ್ಷ ಸಹಿ ಹಾಕದೆ ಪುಸ್ತಕ ಮುಟ್ಟಿದವರಲ್ಲ ಈ ಮೇಷ್ಟ್ರು," ಎಂದರು ಗ್ರಂಥಪಾಲಕಿ, ಯಾರ ಮುಖವನ್ನೂ ನೋಡದೆ.

ಸಂಜೆ 5.20, ಸಂಪಾದಕಿಯ ಮನೆ. ಬಾಗಿಲು ತೆರೆದ ಅವರ ತಂದೆ, ನಿವೃತ್ತ ಪ್ರಾಧ್ಯಾಪಕರು, ಸಮವಸ್ತ್ರ ಕಂಡದ್ದೇ ಒಳಗೆ ಹೋಗಿ ಪುಟಗಳನ್ನು ತಂದುಕೊಟ್ಟರು.

"ಸುಡಬಹುದಿತ್ತಲ್ಲ?"

"ಕೈ ಬರ್ಲಿಲ್ಲ ಸಾರ್. ಇದನ್ನ ನಿಜವಾಗಿ ಬರೆದೋಳು ಬೇರೆ. ನನ್ನ ವಿದ್ಯಾರ್ಥಿನಿ. ಅವಳ ಪ್ರಬಂಧ ಕಪಾಟಲ್ಲಿ ಕೊಳೀತಾ ಇದ್ದಷ್ಟು ದಿನ ನನಗೆ ನಿದ್ದೆ ಬರ್ತಿತ್ತು. ಈಗ ಅದನ್ನೂ ಸ್ಕ್ಯಾನ್ ಮಾಡಿದಾರೆ."

ಹಿಂದೆ ನಿಂತಿದ್ದ ಮಗಳು ಕೊನೆಯ ಪುಟದ ಸಾಲನ್ನು ಓದಿದಳು: ಬೆರಳಚ್ಚು ಮಾಡಿಕೊಟ್ಟ ವಿದ್ಯಾರ್ಥಿನಿಗೆ ಕೃತಜ್ಞತೆಗಳು. ಹೆಸರೂ ಇರಲಿಲ್ಲ. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಈ ಲೇಖನವನ್ನು ಅವಳು ನೂರು ಸಲ ತರಗತಿಯಲ್ಲಿ ಹೊಗಳಿದ್ದಳು.

"ಜೈಲಿಗೆ ಹೆದರ್ಲಿಲ್ಲ ಮಗಳೇ. ನೀನು ಓದ್ತೀಯ ಅಂತ ಹೆದರ್ದೆ."

5.50ಕ್ಕೆ ದಸ್ತಗಿರಿ. ಚಪ್ಪಲಿ ಮೆಟ್ಟಿಕೊಳ್ಳಲು ತಡಕಾಡಿದ ಅಪ್ಪನಿಗೆ ಮಗಳು ಎಂದಿನಂತೆ ತೋಳು ಕೊಟ್ಟಳು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಈ ಪುಟಗಳು ಕೋರ್ಟಿಂದ ಯಾವಾಗ ವಾಪಸ್ ಸಿಗುತ್ತೆ ಸಾರ್? ಆಕೆ ಹೆಸರು ಹಾಕಿ ಮತ್ತೆ ಪ್ರಕಟಿಸ್ಬೇಕು."