ಕರೆದರೆ ಮಾತ್ರ ಬಾ

"ಯಾರೋ ಅದು? ನನ್ನ ಡ್ರ್ಯಾಗನ್ ಕದ್ದ ಕಳ್ಳ ಯಾರು?"

ಸರೇಲಾ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ಎದ್ದು ನಿಂತಳು. ಡೋನ್ಯಾ ಇಲಾರಿಯಾ ಅವರ ಕಬೀನಾದಲ್ಲಿ ಸಾಲಾಗಿ ಕೂತಿದ್ದ ಹುಡುಗರೆಲ್ಲ ಕಂಪ್ಯೂಟರ್ ಬಿಟ್ಟು ಅವಳನ್ನೇ ನೋಡಿದರು. ನಮ್ಮ ಕೋಮಾಸ್ ಗುಡ್ಡದಲ್ಲಿ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಅಂಗಡಿಗಳು ಬೇಕಾದಷ್ಟಿದ್ದವು. ಆದರೆ ಲೀಮಾ ಶಹರದ ಉತ್ತರ ಭಾಗದಲ್ಲೆಲ್ಲ ಇಷ್ಟು ದೊಡ್ಡ ಗಂಟಲಿನ ಹುಡುಗಿ ಬರುತ್ತಿದ್ದದ್ದು ಇದೊಂದೇ ಕಬೀನಾಕ್ಕೆ!

ಅವಳ ಸಿಟ್ಟಿಗೆ ಕಾರಣವಿತ್ತು. 'ಕಲ್ಲಿನ ಕಿರೀಟ' ಆಟದಲ್ಲಿ ಚಿನ್ನ ಅಗೆಸಬೇಕು, ಮರ ಕಡಿಸಬೇಕು, ಕೋಟೆ ಕಟ್ಟಬೇಕು, ಸೈನ್ಯ ಕೂಡಿಸಬೇಕು. ಎಲ್ಲ ಒಟ್ಟಿಗೇ ಆಗಬೇಕು, ಶತ್ರು ನಿಮ್ಮ ಸರದಿಗಾಗಿ ಕಾಯುವುದಿಲ್ಲ. ಸೈನ್ಯದ ಮುಂದೆ ಒಬ್ಬ ನಾಯಕನೋ ನಾಯಕಿಯೋ ಇರುತ್ತಾರೆ. ಯಾರ ಕೊನೆಯ ಏಟಿಗೆ ಮೃಗ ಬೀಳುತ್ತದೋ ಅವರಿಗೇ ಹೊಸ ಶಕ್ತಿ, ಹೊಸ ಮಂತ್ರ. ಸರೇಲಾ ಬೆವರು ಸುರಿಸಿ ಬಡಿದು ಬಡಿದು ಸುಸ್ತು ಮಾಡಿದ್ದ ಡ್ರ್ಯಾಗನ್ ಮೇಲೆ ಯಾರೋ ಒಬ್ಬ ಪುಣ್ಯಾತ್ಮ ಆರಾಮಾಗಿ ಬಂದು ಒಂದು ಬಾಣ ಬಿಟ್ಟಿದ್ದ!

ಮೂಲೆಯ ಕುರ್ಚಿಯಿಂದ ಒಬ್ಬ ಉದ್ದನೆಯ, ಬಡಕಲು ಹುಡುಗ ನಿಧಾನವಾಗಿ ಎದ್ದ. ಮೂರು ಗಾಲಿಯ ಮೋಟೋ ಓಡಿಸುವ ಎಡ್ಸನ್.

"ಕದ್ದಿಲ್ಲ... ಅದು ಹೆಂಗೂ ಸಾಯ್ತಾ ಇತ್ತು."

"ಸಾಯ್ತಾ ಇತ್ತಂತೆ! ಸಾಯಿಸ್ತಾ ಇದ್ದೋಳು ಯಾರು? ನಿಮ್ಮಜ್ಜಿನಾ?"

ಕಬೀನಾ ಗೊಳ್ ಎಂದಿತು. ಎಡ್ಸನ್ ಕೂಡ ನಕ್ಕುಬಿಟ್ಟ. ಕೆನ್ನೆಯಲ್ಲಿ ಗುಳಿ ಬಿತ್ತು.

'ಅಯ್ಯೋ, ನಗು ಬೇರೆ ಇವನಿಗೆ!' ಅಂದುಕೊಂಡಳು ಸರೇಲಾ. ಎದೆ ಯಾಕೋ ಡವಗುಟ್ಟಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

"ಜಗಳ ಆಡೋದಾದ್ರೆ ಬೀದಿಗೆ ಹೋಗಿ ಮಕ್ಕಳೇ," ಡೋನ್ಯಾ ಇಲಾರಿಯಾ ಕೂತಲ್ಲಿಂದಲೇ ಕೂಗಿದರು. "ಇಲ್ಲಾಂದ್ರೆ ಇಬ್ರೂ ಒಂದೇ ಪಕ್ಷ ಸೇರ್ಕೊಳ್ಳಿ. ನನ್ನ ಕಿವಿಗಾದ್ರೂ ನೆಮ್ಮದಿ!"

ಅವರ ಕಿವಿಗೆ ನೆಮ್ಮದಿ ಸಿಗಲಿಲ್ಲ ಬಿಡಿ. ಆದರೆ ಜೋಡಿ ಮಾತ್ರ ಕೂಡಿಬಂತು.

ಅಂದಿನಿಂದ ಇಬ್ಬರೂ ಅಕ್ಕಪಕ್ಕ ಕೂತು ಆಡತೊಡಗಿದರು. ಯೋಚನೆ ಮಾಡುವಾಗ ಅವಳ ನಾಲಿಗೆಯ ತುದಿ ಹೊರಬರುವುದನ್ನು ಎಡ್ಸನ್ ಕದ್ದು ನೋಡುತ್ತಿದ್ದ. ಅವನು ಬರುವಾಗ ಮಾಂಸ ತುಂಬಿ ಕರಿದ ಬಿಸಿ ಆಲೂಗಡ್ಡೆ ಉಂಡೆ, ಪಾಪಾ ರೆಯೇನಾ, ಕಟ್ಟಿಸಿಕೊಂಡು ಬರುತ್ತಿದ್ದ. ಅವಳು ಮೌಸ್ ಬಿಡದೆ ಬಾಯಿ ಮಾತ್ರ ತೆರೆಯುತ್ತಿದ್ದಳು.

"ತಿನ್ನಿಸೋಕೆ ನಾನೇನು ನಿನ್ನ ಅಮ್ಮನಾ?"

"ಸುಮ್ನೆ ತಿನ್ನಿಸೋ ಕಡ್ಡಿ! ಉತ್ತರದ ಬಾಗಿಲಲ್ಲಿ ರಾಕ್ಷಸರು ಬಂದಿದಾರೆ!"

ಸಂಜೆಯಾದರೆ ಸಾಕು, ಅವಳ ದೊಡ್ಡಣ್ಣ ನೀಲ್ಸನ್ ಕೈಕಟ್ಟಿಕೊಂಡು ಕಬೀನಾದ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನಲ್ಲದಿದ್ದರೆ ಎರಡನೆಯವನು, ಅವನೂ ಅಲ್ಲದಿದ್ದರೆ ಮೂರನೆಯವನು. ಮಾರುಕಟ್ಟೆಯಲ್ಲಿ ಅಮ್ಮನ ಹಣ್ಣಿನ ರಸದ ಅಂಗಡಿಗೆ ಹೋಗಲು, ನರ್ಸಿಂಗ್ ತರಗತಿಗೆ ಹೋಗಲು, ಚರ್ಚಿಗೆ ಹೋಗಲು... ಎಲ್ಲಿಗೂ ಸರೇಲಾ ಒಬ್ಬಳೇ ಹೋದವಳಲ್ಲ. ಅವರದ್ದು ಪ್ರೀತಿಯೇ, ಇಲ್ಲ ಅನ್ನಬಾರದು. ಆದರೆ ಅದರೊಳಗೆ ಅವಳಿಗೆ ಉಸಿರು ಕಟ್ಟುತ್ತಿತ್ತು.

'ಬೆಟ್ಟದಾಚೆಗೆ ನಾನೊಬ್ಬಳೇ ಹೋಗೋದು ಈ ಆಟದಲ್ಲಿ ಮಾತ್ರ...'

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಎಡ್ಸನ್‌ಗೂ ಹೇಳಿರಲಿಲ್ಲ. ಅಲ್ಲೇ ಎಡವಟ್ಟಾಯಿತು.

ಆ ಚಳಿಗಾಲದಲ್ಲಿ ಉತ್ತರ ಲೀಮಾದ ಜೋಡಿಗಳ ಪಂದ್ಯ ಡೋನ್ಯಾ ಇಲಾರಿಯಾ ಅವರ ಕಬೀನಾದಲ್ಲೇ ನಡೆಯಿತು. ಭಾನುವಾರ ಮಧ್ಯಾಹ್ನ, ಹೊರಗೆ ಬೂದು ಮಂಜು, ಒಳಗೆ ಕಾಲಿಡಲು ಜಾಗವಿಲ್ಲ.

ಸರೇಲಾಳ ಉಪಾಯ ಸರಳವಾಗಿತ್ತು. ಅವಳ ನಾಯಕಿ ಶತ್ರು ಸೈನ್ಯವನ್ನೆಲ್ಲ ಉತ್ತರದ ಕಣಿವೆಗೆ ಎಳೆಯುವುದು, ಆ ಹೊತ್ತಿನಲ್ಲಿ ಎಡ್ಸನ್ ಅವರ ಖಾಲಿ ಕೋಟೆ ಒಡೆಯುವುದು. ಎಲ್ಲವೂ ಹಾಗೆಯೇ ನಡೆಯುತ್ತಿತ್ತು. ಕೋಟೆಯ ಗೋಡೆ ಬಿರುಕು ಬಿಟ್ಟಿತ್ತು. ಕಣಿವೆಯಲ್ಲಿ ನಾಯಕಿಯ ಪ್ರಾಣದ ಪಟ್ಟಿ ಕೆಂಪಾಗಿತ್ತು. ಆದರೆ ಅವಳ ಚೀಲದಲ್ಲಿ ಸಂಜೀವಿನಿ ರಸವಿತ್ತು. ಕುಡಿಯಲು ಸರಿಯಾದ ಗಳಿಗೆಗಾಗಿ ಕಾಯುತ್ತಿದ್ದಳು, ಅಷ್ಟೇ.

ಅಷ್ಟರಲ್ಲಿ... ಎಡ್ಸನ್‌ನ ಇಡೀ ಸೈನ್ಯ ಕೋಟೆಗೆ ಬೆನ್ನು ಹಾಕಿ ಕಣಿವೆಗೆ ಓಡಿ ಬಂತು!

"ಏನ್ ಮಾಡ್ತಿದೀಯಾ? ಹಿಂದೆ ಹೋಗು! ಹಿಂದೆ ಹೋಗೋ!"

ಕಾಲ ಮಿಂಚಿತ್ತು. ಇಕ್ಕಟ್ಟಿನ ಕಣಿವೆಯಲ್ಲಿ ಇವರಿಬ್ಬರ ಸೈನ್ಯವೂ ಒಟ್ಟಿಗೇ ಸಿಕ್ಕಿಬಿದ್ದು ನೆಲಕಚ್ಚಿದವು.

"ನಲ್ಲೆನ ಕಾಪಾಡೋಕೆ ಓಡಿಬಂದ ನೋಡ್ರೋ!" ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. "ಪಾಪ, ಹುಡುಗಿ ಹೆದರ್ಕೊಂಡಿತ್ತು!"

ಸರೇಲಾಳ ಮುಖ ಕೆಂಡವಾಯಿತು.

"ನಾನು ಕರೆದ್ನಾ ನಿನ್ನ?"

"ನೀನು... ಸಾಯ್ತಾ ಇದ್ದೆ, ಸರೇಲಾ."

"ನಾನು ಕರೆದ್ನಾ ಅಂತ ಕೇಳಿದೆ!"

ಎಡ್ಸನ್ ತಲೆ ತಗ್ಗಿಸಿದ. "...ಇಲ್ಲ."

"ಮನೇಲಿ ಮೂರು ಜನ ಅಣ್ಣಂದಿರಿದ್ದಾರೆ ನನಗೆ. ನಾಲ್ಕನೆಯವನು ಬೇಡ!"

ಕಣ್ಣೀರು ಕಾಣುವ ಮೊದಲೇ ಅವಳು ಹೊರಗೆ ನಡೆದುಬಿಟ್ಟಳು. ಬಾಗಿಲಲ್ಲಿದ್ದ ನೀಲ್ಸನ್ ಎಂದಿನಂತೆ ಹಿಂದೆಯೇ ಹೊರಟ.

'ಇವನೂ ಅಷ್ಟೇ. ನನ್ನ ಕೈಲಿ ಏನೂ ಆಗಲ್ಲ ಅಂದ್ಕೊಂಡಿದಾನೆ. ಇವನೂ ಅಷ್ಟೇ...'

ಅವಳು ತಿಳಿದದ್ದು ತಪ್ಪು. ಎಡ್ಸನ್ ಆ ಗಳಿಗೆಯಲ್ಲಿ ಏನನ್ನೂ ಅಂದುಕೊಂಡಿರಲಿಲ್ಲ. ಆ ಕೆಂಪು ಪಟ್ಟಿ ಕಂಡಿತ್ತು, ಜೀವ ಬಾಯಿಗೆ ಬಂದಿತ್ತು, ಕೈ ತಾನಾಗಿ ಓಡಿತ್ತು. ಪ್ರೀತಿ ಅವನಿಗೆ ಆಟವನ್ನೇ ಮರೆಸಿಬಿಟ್ಟಿತ್ತು. ಆದರೆ ಇದನ್ನು ಹೇಳುವುದಕ್ಕೆ ಬೇಕಾದ ನಾಲಿಗೆಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಮರುದಿನ ಮಾರುಕಟ್ಟೆಗೆ ಹೋಗಿ ಅವಳಮ್ಮನ ರಸದ ಅಂಗಡಿಯ ಮುಂದೆ ನಿಂತ. ಪಪ್ಪಾಯಿ ರಸ ಕುಡಿದ. ಇನ್ನೊಂದು ಲೋಟ ಕುಡಿದ. ಅವಳು ತಲೆಯೆತ್ತಲಿಲ್ಲ. ಹೊಟ್ಟೆ ತುಂಬಿಸಿಕೊಂಡು ವಾಪಸ್ ಬಂದ, ಪಾಪ.

ಸೋತ ಜೋಡಿಗಳಿಗೆ ಮುಂದಿನ ಭಾನುವಾರ ಇನ್ನೊಂದು ಅವಕಾಶವಿತ್ತು. ಆದರೆ ಜೋಡಿ ಬದಲಿಸುವಂತಿರಲಿಲ್ಲ. ಸರೇಲಾ ಬಂದಳು. ಅವನ ಕಡೆ ನೋಡದೆ ಕೂತಳು.

"ಒಂದು ಮಾತು. ನಾನು ಕರೆದರೆ ಮಾತ್ರ ಬರಬೇಕು."

"ಕರೆಯದೇ ಇದ್ರೆ?"

"ನನ್ನ ಪ್ರಾಣ ಹೋದ್ರೂ ಬರಬಾರದು. ಆಗುತ್ತಾ ನಿನ್ನ ಕೈಲಿ?"

"...ಆಗುತ್ತೆ."

'ಆಗಲ್ಲ ಇವನ ಕೈಲಿ,' ಅಂದುಕೊಂಡಳು ಅವಳು. 'ಇವತ್ತೂ ಓಡಿ ಬಂದ್ರೆ ಇಲ್ಲಿಗೆ ಮುಗೀತು. ಆಟನೂ, ಇವನೂ...' ಹಾಗೆ ಅಂದುಕೊಳ್ಳುತ್ತಲೇ, ಅವನು ಬಾರದಿರಲಿ ಅಂತ ದೇವರನ್ನು ಬೇಡಿಕೊಂಡಳು.

ಆಟ ಶುರುವಾಯಿತು. ಉಪಾಯ ಹಳೆಯದೇ, ಕೋಟೆ ಒಡೆಯುವುದು ಎಡ್ಸನ್ ಕೆಲಸ. ಈ ಸಲ ಅವಳು ಶತ್ರುಗಳನ್ನು ಹಳೆಯ ಸೇತುವೆಯತ್ತ ಎಳೆದಳು. ಅಲ್ಲೇ ತಪ್ಪಿದಳು. ಸೇತುವೆಯ ಆಚೆ ಮರಗಳ ಮರೆಯಲ್ಲಿ ಇನ್ನೊಂದು ಪಡೆ ಅಡಗಿತ್ತು. ಮುಂದೆ ಶತ್ರು, ಹಿಂದೆ ಶತ್ರು! ರಸ ಕುಡಿದಳು. ಸಾಲಲಿಲ್ಲ. ಪಟ್ಟಿ ಕೆಂಪಾಯಿತು.

ಪಕ್ಕದಿಂದ ಏದುಸಿರು ಕೇಳಿಸಿತು. ಓರೆಗಣ್ಣಿನಲ್ಲಿ ನೋಡಿದಳು. ಎಡ್ಸನ್ ತನ್ನ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದ! ಅವನ ಸೈನ್ಯ ಕೋಟೆಯ ಗೋಡೆ ಬಿಟ್ಟು ಒಂದು ಹೆಜ್ಜೆ ಸರಿಯಲಿಲ್ಲ.

"ಹೋಗೋ, ಕಾಪಾಡೋ!" ಹಿಂದಿನಿಂದ ಕೂಗಿದರು.

ಅವನು ಹೋಗಲಿಲ್ಲ.

ಸೇತುವೆಯ ಮೇಲೆ ಅವಳ ನಾಯಕಿ ಕುಸಿದುಬಿದ್ದಳು. ಕೋಟೆಯ ಗೋಡೆ ಬೀಳಲು ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಶತ್ರು ತಿರುಗಿ ಬಂದು ಎಡ್ಸನ್‌ನ ಸೈನ್ಯವನ್ನೂ ಮುಗಿಸಿತು. ಸೋಲು! ಇನ್ನು ಮತ್ತೊಂದು ಅವಕಾಶವೂ ಇರಲಿಲ್ಲ.

ಎಡ್ಸನ್‌ನ ಕಣ್ಣು ತುಂಬಿತ್ತು.

"ಸರೇಲಾ... ಕ್ಷಮಿಸು. ನಾನು ಬಂದಿದ್ರೆ..."

ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡ. ಅವಳು ಮುಖ ಎತ್ತಿದಳು... ನಗುತ್ತಿದ್ದಳು!

"ನಾನು ಸೋತೆ ಕಣೋ! ನಾನೇ ಸೋತೆ! ನನ್ನದೇ ತಪ್ಪು, ನನ್ನದೇ ದಡ್ಡತನ. ಹುಟ್ಟಿದಾಗಿಂದ ಒಂದು ಸಲನಾದ್ರೂ ನನ್ನಷ್ಟಕ್ಕೆ ನಾನು ಬೀಳೋಕೆ ಬಿಟ್ಟಿರಲಿಲ್ಲ ಯಾರೂ... ಎಷ್ಟು ಹಗುರ ಆಗ್ತಿದೆ ಗೊತ್ತಾ?"

ಎಡ್ಸನ್‌ಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ, ಒಂದೊಂದಾಗಿ, ಎಲ್ಲವೂ ಅರ್ಥವಾಯಿತು.

"ಸೇತುವೆ ಹತ್ರ ಪಡೆ ಅಡಗಿರಬಹುದು ಅಂತ ನಿನಗೆ ಅನುಮಾನ ಇತ್ತಾ?" ಅವಳು ಕೇಳಿದಳು.

"ಇತ್ತು."

"ಬರಬೇಕು ಅನ್ನಿಸ್ತಾ?"

"ಪ್ರಾಣ ಹೋಗೋ ಹಾಗೆ ಅನ್ನಿಸ್ತು."

"ಮತ್ತೆ ಯಾಕೆ ಬರಲಿಲ್ಲ?"

"ನೀನು ಕರೀಲಿಲ್ಲ."

ಸರೇಲಾ ಅವನ ಬಲಗೈಯತ್ತ ನೋಡಿದಳು. ಮಣಿಕಟ್ಟಿನ ಮೇಲೆ ಅವನದೇ ಉಗುರಿನ ಗುರುತು. 'ಇಷ್ಟು ಕಷ್ಟಪಟ್ಟು ಸುಮ್ಮನೆ ಕೂತನಲ್ಲ, ನನಗೋಸ್ಕರ...' ಓಡಿ ಬಂದು ಕಾಪಾಡುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವಳ ಮಾತಿಗಾಗಿ ತನ್ನ ಭಯವನ್ನು ನುಂಗಿದವನು ಇವನೊಬ್ಬನೇ.

ಬಾಗಿಲಲ್ಲಿ ನೀಲ್ಸನ್ ಕೆಮ್ಮಿದ. "ನಡಿ ಸರೇಲಾ, ಹೊತ್ತಾಯ್ತು."

"ನೀನು ಹೋಗಿರು ಅಣ್ಣ. ನಾನು ಆಮೇಲೆ ಬರ್ತೀನಿ."

"ಒಬ್ಬಳೇನಾ?"

"ಹೂಂ. ದಾರಿ ಗೊತ್ತು ನನಗೆ."

ನೀಲ್ಸನ್ ಬಾಯಿ ತೆರೆದ. ಡೋನ್ಯಾ ಇಲಾರಿಯಾ ಕಣ್ಣು ದೊಡ್ಡದು ಮಾಡಿ ಅವನತ್ತ ನೋಡಿದರು. ಅವನು ಬಾಯಿ ಮುಚ್ಚಿಕೊಂಡು ಇಳಿದುಹೋದ.

ಸರೇಲಾ ಹೊರಗೆ ಬಂದಳು. ಗುಡ್ಡದ ಮೆಟ್ಟಿಲ ಮೇಲೆ ಮಂಜು ಹನಿಯಾಗಿ ಇಳಿಯುತ್ತಿತ್ತು. ಸ್ವಲ್ಪ ದೂರ ಒಬ್ಬಳೇ ನಡೆದಳು. ಹಿಂದೆ ಹೆಜ್ಜೆ ಸಪ್ಪಳವಿಲ್ಲ. ತಿರುಗಿ ನೋಡಿದಳು. ಎಡ್ಸನ್ ಕಬೀನಾದ ಹೊಸ್ತಿಲ ಮೇಲೆ ಕೈ ಕಟ್ಟಿಕೊಂಡು, ಮಳೆಯಲ್ಲಿ ನೆನೆದ ಕೋಳಿಯ ಹಾಗೆ ನಿಂತಿದ್ದ.

"ಏನ್ ನಿಂತಿದೀಯಾ ಅಲ್ಲಿ?"

"ನೀನು ಒಬ್ಬಳೇ ಹೋಗ್ತೀನಿ ಅಂದೆ..."

"ನಿನಗೆ ನಾನು ಅಂದ್ರೆ ಏನೋ ಕಡ್ಡಿ? ನಿಜ ಹೇಳು."

ಅಷ್ಟು ದಿನ ಹೊರಡದೆ ಅವನ ಗಂಟಲಲ್ಲೇ ಉಳಿದಿದ್ದ ಮಾತು ಕೊನೆಗೂ ಹೊರಬಂತು.

"ನಿನ್ನ ಬಿಟ್ರೆ ನನಗೆ ಬೇರೆ ಏನೂ ಕಾಣಲ್ಲ, ಸರೇಲಾ... ಅದಕ್ಕೇ ಅಲ್ವಾ ಕೋಟೆ ಬಿಟ್ಟು ಓಡಿ ಬಂದಿದ್ದು!"

ಅವಳ ಕಣ್ಣು ತುಂಬಿ ಬಂತು. ಈ ಸಲ ಅವಳು ಅದನ್ನು ಮರೆಮಾಡಲಿಲ್ಲ.

"ಎಡ್ಸನ್..."

"ಹೂಂ?"

"ಈಗ ಕರೀತಾ ಇದೀನಿ. ಬಾ."